ಕಾರಿನ ದೀಪಕ್ಕೊಂದು ಕುಂಚಿಗೆ

ಮೊನ್ನೆ ಸೊಸೆ ಅಡುಗೆಮನೆ ಹಸನು ಮಾಡುತ್ತಿದ್ದಳು. ಹಸನು ಮಾಡುವುದೆಂದರೆ ನನ್ನ ಕಾಲದ ಸಾಮಾನುಗಳನ್ನು ಒಂದೊಂದಾಗಿ ಹೊರಗೆ ಹಾಕುವುದು ಎಂದು ಅವಳ ತಿಳಿವಳಿಕೆ. ಕುಕ್ಕರಿನ ಕೆಳಗೆ ಇಡುವ ಒಂದು ದುಂಡನೆಯ ಬಟ್ಟೆಯನ್ನು ಸತ್ತ ಇಲಿಯಂತೆ ಎರಡು ಬೆರಳಿನಲ್ಲಿ ಹಿಡಿದುಕೊಂಡು ಬಂದು, "ಅತ್ತ್ಯಾರ, ಇದನ್ನ ಕಸದಾಗ ಹಾಕ್ಲೇನ್ರಿ?" ಎಂದಳು.

ಚಹಾದ ಕಪ್ಪಿನ ಕೆಳಗಿಡುವ ಬಶಿಗಿಂತ ತುಸು ದೊಡ್ಡದು. ನಾಲ್ಕು ಪದರ ಹಳೆಯ ಇಲಕಲ್ ಸೀರೆ, ಅದರ ಮೇಲೆ ಕೌದಿಯ ಹೊಲಿಗೆ, ಅಂಚಿನ ಸುತ್ತ ಲಾಡಿ ಹಾಯಿಸಲು ಮಡಿಕೆ. ಅರಿಷಿಣ, ಎಣ್ಣೆ, ಮಸಿ ಎಲ್ಲ ಹತ್ತಿ ಬಣ್ಣ ಯಾವುದೆಂದು ಹೇಳುವ ಹಾಗಿರಲಿಲ್ಲ. ಪಾತ್ರೆಯ ಕೆಳಗಿಡುವ ಬಟ್ಟೆಗೆ ಲಾಡಿ ಯಾಕೆ ಎಂದು ಅವಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ.

"ಅದು ಕಾರಿನ ದೀಪದ ಕುಂಚಿಗಿ. ಜೋಡಿ ಇದ್ವು. ಇನ್ನೊಂದನ್ನ ಆಡು ತಿಂತು," ಎಂದೆ.

ಕುಂಚಿಗೆ ಎಂದರೆ ಕೂಸಿನ ತಲೆಗೆ, ಕಿವಿಗೆ ಗಾಳಿ ಹೊಗದಂತೆ ಕಟ್ಟುತ್ತಾರಲ್ಲ, ಆ ಟೊಪ್ಪಿಗೆ. ಸೊಸೆ ನನ್ನ ಮುಖವನ್ನು ಎರಡು ಗಳಿಗೆ ನೋಡಿದಳು. ವಯಸ್ಸಾದವರನ್ನು ಹಾಗೆ ನೋಡುವ ಒಂದು ರೀತಿಯಿದೆ, ನಾನೂ ಒಂದು ಕಾಲಕ್ಕೆ ನೋಡಿದವಳೇ. ಅಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯಿತು, ಅವಳು ಒಳಗೆ ಹೋದಳು. ಕಥೆ ನನ್ನ ಬಾಯಲ್ಲೇ ಉಳಿಯಿತು. ನಿಮಗಾದರೂ ಪೂರ್ತಿ ಹೇಳುತ್ತೇನೆ, ಕೂಡ್ರಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಕುಂದಗೋಳದ ಕಡೆಯ ಹುಡುಗಿಯಾದ ನಾನು ಮದುವೆಯಾಗಿ ನವಲಗುಂದಕ್ಕೆ ಬಂದಿದ್ದೆ. ಬರುವಾಗ ತವರಿನಿಂದ ಒಂದು ಹೊಲಿಗೆ ಯಂತ್ರವನ್ನೂ ಒಂದು ಹುಚ್ಚನ್ನೂ ತಂದಿದ್ದೆ. ಹುಚ್ಚು ಏನೆಂದರೆ ಗಾಡಿ ಹೊಡೆಯುವುದು. ನಮ್ಮಪ್ಪನ ಹತ್ತಿರ ಟ್ಯಾಕ್ಟರ್ ಇತ್ತು. ಹದಿನೈದು ವರ್ಷದವಳಿದ್ದಾಗಲೇ ಹೊಲದಲ್ಲಿ ಅದನ್ನು ನನ್ನ ಕೈಗೆ ಕೊಟ್ಟಿದ್ದ. "ಹೊಡಿಯಾಕಿ ಹುಡುಗಿ ಆದ್ರೇನು, ಹುಡುಗ ಆದ್ರೇನು, ಸಾಲು ನೆಟ್ಟಗ ಬಂದ್ರ ಸಾಕು" ಎನ್ನುತ್ತಿದ್ದ. ಗಂಡನ ಮನೆಯಲ್ಲಿ ಕಾರು ಇದೆ ಎಂದು ಕೇಳಿಯೇ ನಾನು ಈ ಮದುವೆಗೆ ಹೂಂ ಎಂದದ್ದು. ಗಂಡನನ್ನು ನೋಡಿ ಒಪ್ಪಿದೆ ಎಂದು ಅವರ ಮುಂದೆ ಈಗಲೂ ಹೇಳುತ್ತೇನೆ, ಆ ಮಾತು ಬೇರೆ.

ಆ ಪುಣ್ಯಾತ್ಮರಿಗೆ ಕಾರೆಂದರೆ ಆಗುತ್ತಿರಲಿಲ್ಲ. ಸಂಶಿಯಲ್ಲಿ ಮಾಸ್ತರಕಿ, ಅಲ್ಲೇ ಒಂದು ಕೋಣೆ, ಶನಿವಾರಕ್ಕೊಮ್ಮೆ ಬಸ್ಸಿಗೆ ಬರುವುದು. "ಬಸ್ಸಿನಾಗ ನಿದ್ದಿ ಮಾಡಬಹುದು. ಕಾರ್ ಹೊಡಕೋತ ನಿದ್ದಿ ಮಾಡಾಕ ಆಕ್ಕೈತೇನು?" ಎಂದು ಕೇಳುತ್ತಿದ್ದರು. ಹೀಗಾಗಿ ಮನೆಯಲ್ಲಿ ಇರುತ್ತಿದ್ದವರು ನಾನು, ಅತ್ತೆ, ಮಾವ ಮತ್ತು ಕಾರು.

ಮಾವ ಹತ್ತಿಯ ವ್ಯಾಪಾರಿ. ಕಾರು ಕೆನೆಬಣ್ಣದ ಹಳೆಯ ಅಂಬಾಸಿಡರ್. ಮುಂಜಾನೆ ಪೂಜೆ ಮುಗಿಸಿ ತಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಅದರ ಹಣೆಗೂ ಮೂರು ಬೆರಳು ಎಳೆಯುತ್ತಿದ್ದರು. ನಾನು ಬಂದ ವರ್ಷ ಹುಬ್ಬಳ್ಳಿಗೆ ಹೋದವರು ಎರಡು ಹಳದಿ ದೀಪ ತಂದು ಮುಂದಿನ ಬಂಪರಿಗೆ ಕೂಡಿಸಿದರು. ಮಂಜಿನಲ್ಲಿ ದಾರಿ ಕಾಣಲು ಹಾಕುತ್ತಾರಲ್ಲ, ಆ ಫಾಗ್ ಲೈಟು. ನಮ್ಮ ಕಡೆ ಮೇಲಿನಿಂದ ಬೀಳುವುದು ಬಿಸಿಲು, ಧೂಳು ಮತ್ತು ಬಸ್ಸಿನ ಟಾಪಿನ ಮೇಲಿನ ಗಂಟುಗಳು. ಮಂಜು ಬಿದ್ದರೆ ವರ್ಷಕ್ಕೆ ನಾಲ್ಕು ಮುಂಜಾನೆ. ಓಣಿಯವರು ಬಂದು ಸುತ್ತಲೂ ನಿಂತು, "ಇವು ಯಾತಕ್ರಿ, ಸಾವಕಾರ್ರ?" ಎಂದು ಕೇಳಿದರು. "ಚಳಿಗಾಲಕ್ಕ," ಎಂದರು ಮಾವ. ಆಗ ಬೇಸಿಗೆ ಇನ್ನೂ ಶುರುವಾಗುವುದರಲ್ಲಿತ್ತು.

ತಿಂಗಳೊಳಗೆ ಒಂದರ ಗಾಜು ಒಡೆಯಿತು. ಕಲ್ಲು ಸಿಡಿಯಿತು ಎಂದರು. ಹೊಸ ಗಾಜು ಹಾಕಿಸಿದರು. ಅದೂ ಒಡೆಯಿತು. ಮತ್ತೆ ಕಲ್ಲು. ಲಾರಿಯವರು ಕಲ್ಲು ಹಾರಿಸುತ್ತಾರೆ, ರಸ್ತೆ ಮಾಡಿದವರು ಕಲ್ಲು ಬಿಟ್ಟು ಹೋಗಿದ್ದಾರೆ ಎಂದು ಮಾವ ಮನೆಯಲ್ಲಿ ಬೈಯುತ್ತಿದ್ದರು. ನಾನು ಸಮಯ ನೋಡುತ್ತಿದ್ದೆ. ಒಂದು ದಿನ ಅವರು ಊಟಕ್ಕೆ ಕೂತಾಗ ಎರಡನೆಯ ರೊಟ್ಟಿ ಹಾಕುತ್ತ ಕೇಳಿಯೇ ಬಿಟ್ಟೆ.

"ಮಾವಾರ, ನಾನೂ ಕಾರ್ ಹೊಡಿಯೂದು ಕಲೀಲೇನ್ರಿ?"

ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮಾವ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟು, ನುಂಗಿ, ಆಮೇಲೆ ಹೇಳಿದರು. "ಟ್ಯಾಕ್ಟರ್ ಬ್ಯಾರೆ, ಕಾರ್ ಬ್ಯಾರೆ, ಯವ್ವಾ. ಹೊಲದಾಗ ಟ್ಯಾಕ್ಟರ್ ತಪ್ಪಿದ್ರ ಸಾಲು ಡೊಂಕ ಆಕ್ಕೈತಿ. ಊರಾಗ ಕಾರ್ ತಪ್ಪಿದ್ರ ಮಂದಿ ಡೊಂಕ ಆಗ್ತಾರ."

ನಾನು ಅಲ್ಲಿಂದ ಏಳಲಿಲ್ಲ. ಅವರು ಮತ್ತೊಂದು ತುತ್ತು ತಿಂದರು.

"ಒಂದ್ ಕೆಲಸ ಮಾಡು. ನಿನ್ನ ಕಡೆ ಹೊಲಿಗಿ ಮಷೀನ ಐತಿ. ಆ ಹಳದಿ ದೀಪಕ್ಕ ಕವರ್ ಹೊಲಿ. ದೀಪಾವಳಿ ತನಕ ಗಾಜು ಒಡೀಲಿಲ್ಲಂದ್ರ ಪಾಡ್ಯಾದ ದಿನ ಸ್ಟೇರಿಂಗ್ ನಿನ್ನ ಕೈಯಾಗ."

"ಒಡದ್ರ?"

"ಒಡದ್ರ ರೊಟ್ಟಿ ಬಡಿ."

ಅಂದಿನಿಂದ ನನಗೆ ಊಟ ರುಚಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಉಣ್ಣುತ್ತಿದ್ದೆ. ಆದರೆ ತಲೆಯಲ್ಲಿ ಆ ಎರಡು ದೀಪ ಬಿಟ್ಟು ಮತ್ತೇನೂ ಇರಲಿಲ್ಲ. ಮೊದಲ ಕವರನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲ ಕತ್ತರಿಸಿ ಮಾಡಿದೆ. ಗಂಟು ಬಿಗಿಯಾಗಲಿಲ್ಲ. ಅಣ್ಣಿಗೇರಿಯ ದಾರಿಯಲ್ಲಿ ಗಾಳಿ ತುಂಬಿ ಎರಡೂ ಹಾರಿಹೋದವು. ಮರುದಿನ ಬಸ್ಸಿನಲ್ಲಿ ಬಂದವರು, ನಿಮ್ಮ ಕಾರಿನ ಟೊಪ್ಪಿಗೆ ಜಾಲಿಗಿಡದ ಮೇಲಿದೆ ಎಂದು ಸುದ್ದಿ ತಂದರು. ಅತ್ತೆ ಅದಕ್ಕೆ ಕುಂಚಿಗೆ ಎಂದು ಹೆಸರಿಟ್ಟರು. ಓಣಿಗೆಲ್ಲ ಹಬ್ಬಿ ನಮ್ಮದು ಕುಂಚಿಗಿ ಕಾರು ಆಯಿತು.

ಎರಡನೆಯದಕ್ಕೆ ಬುದ್ಧಿ ಖರ್ಚು ಮಾಡಿದೆ. ಟ್ಯಾಕ್ಟರ್ ಸೀಟು ಹೊಲಿಯುವವನ ಹತ್ತಿರ ಉಳಿದ ಕಪ್ಪು ರೆಗ್ಜಿನ್ ತಂದು, ಅದರ ಮೇಲೆ ಚಹಾದ ಬಶಿ ಬೋರಲು ಹಾಕಿ, ನಾಲ್ಕು ಬೆರಳು ಹೆಚ್ಚು ಬಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದೆ. ಮೂರು ಸೂಜಿ ಮುರಿದವು. ಅಂಚು ಮಡಚಿ, ನನ್ನ ಲಂಗದ ಲಾಡಿಯನ್ನೇ ಬಿಚ್ಚಿ ಪೋಣಿಸಿ, ದೀಪದ ಹಿಂದೆ ಎಳೆದು ಕಟ್ಟಿದೆ. ಒಳಗೆ ಹತ್ತಿ ಬಟ್ಟೆಯ ಅಸ್ತರಿ ಹಾಕಬೇಕೆಂದು ಆಮೇಲೆ ತಿಳಿಯಿತು. ಬಿಸಿಲಿಗೆ ರೆಗ್ಜಿನ್ ಗಾಜಿಗೆ ಅಂಟಿಕೊಂಡು, ಬಿಡಿಸುವಾಗ ನನ್ನ ಉಗುರು ಹೋಯಿತು. ಅಸ್ತರಿ ಹಾಕಿದ ಮೇಲೆ ಕೆಲಸ ಪಕ್ಕಾ ಆಯಿತು. ಮಳೆಗಾಲದ ಎರೆಮಣ್ಣಿನ ಕೆಸರಿನಲ್ಲೂ ಗಾಜು ಫಳಫಳ. ದಿನಾ ಸಂಜೆ ಲಾಡಿ ಬಿಚ್ಚಿ, ಗಾಜು ಒರೆಸಿ, ಮತ್ತೆ ಕಟ್ಟುತ್ತಿದ್ದೆ. ಅಷ್ಟು ಕಾಳಜಿಯಿಂದ ಗಂಡನ ಅಂಗಿಗೆ ಗುಂಡಿ ಹಚ್ಚಿದ್ದು ನೆನಪಿಲ್ಲ.

ಹಾಗೆ ಬಿಚ್ಚುವಾಗಲೇ ಅದು ಕಣ್ಣಿಗೆ ಬಿದ್ದದ್ದು. ಕಪ್ಪು ರೆಗ್ಜಿನ್ ಮೇಲೆ ಬಿಳಿಯ ಗೀರು. ಮುಟ್ಟಿದರೆ ಬೆರಳಿಗೆ ಹತ್ತಿತು, ಸುಣ್ಣ. ಮತ್ತೊಂದು ದಿನ ಕೆಮ್ಮಣ್ಣು. ಸಿಡಿಯುವ ಕಲ್ಲು ಸುಣ್ಣ ಬಳಿದುಕೊಂಡು ಬರುವುದಿಲ್ಲ. ನಮ್ಮ ಓಣಿ ತಿರುಗುವಲ್ಲಿ ಒಂದು ಮನೆ, ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಹೋಗಿ ನೋಡಿದೆ. ಸರಿಯಾಗಿ ಬಂಪರಿನ ಎತ್ತರಕ್ಕೆ ಆ ಗೋಡೆಯ ಮೂಲೆ ಚಕ್ಕೆ ಎದ್ದಿತ್ತು.

ಅತ್ತೆಗೆ ತೋರಿಸಿದೆ. "ಅತ್ತೀ, ಇಲ್ಲಿ ನೋಡ್ರಿ, ಸುಣ್ಣ."

ಅವರು ಕವರನ್ನು ಈ ಕಡೆ ಆ ಕಡೆ ತಿರುಗಿಸಿದರು. "ಕಲ್ಲು ಬಡದೈತಿ."

"ಸುಣ್ಣದ ಕಲ್ಲೇನ್ರಿ?"

"ಹೌದು, ಸುಣ್ಣದ ಕಲ್ಲು. ಸುಮ್ಮನ ತೊಳದ ಹಾಕು."

ನಾನು ತೊಳೆದು ಹಾಕಿದೆ. ಈಗ ನಿಜ ಹೇಳಿಬಿಡುತ್ತೇನೆ. ನನಗೆ ಅರ್ಧ ತಿಳಿದಿತ್ತು. ಮಾವನ ಕಣ್ಣಿನ ವಿಷಯ ಬಾಯಿಬಿಟ್ಟರೆ ಕಾರು ಮಾರಿಬಿಡುತ್ತಾರೆ, ಕಾರು ಹೋದರೆ ಸ್ಟೇರಿಂಗ್ ಎಲ್ಲಿಂದ ಬರಬೇಕು? ದೀಪಾವಳಿಗೆ ಇನ್ನು ಎರಡೇ ತಿಂಗಳು, ಅಲ್ಲಿಯತನಕ ಏನೂ ಆಗದಿರಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದೆ. ಓಣಿಯಲ್ಲಿ ಕೂಸುಗಳು ಆಡುತ್ತಿರುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಅತ್ತೆ ಮಾತ್ರ ಮರುದಿನ ಅಟ್ಟದಿಂದ ತಮ್ಮ ಹಳೆಯ ಸೀರೆ ಇಳಿಸಿದರು. "ನಿನ್ನ ರೆಗ್ಜಿನ್ ತೆಳ್ಳಗಾತು. ನಾ ಹೊಲೀತೀನಿ, ಕೊಡು," ಎಂದರು. ನಮ್ಮ ಅತ್ತೆಯ ಕೌದಿ ಎಂದರೆ ಸುತ್ತ ನಾಲ್ಕೂರಿಗೆ ಹೆಸರು. ಬಟ್ಟೆಯ ಮೇಲೆ ಬಟ್ಟೆ ಇಟ್ಟು, ಜೋಳದ ಸಾಲಿನಂತೆ ಒಂದೇ ಅಳತೆಯ ಹೊಲಿಗೆ ಹಾಕುವರು. ಅವರದೊಂದು ರೂಢಿಯಿತ್ತು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು ಹೊಲಿಯಬೇಕು. ಹೊದೆಯುವ ಕೌದಿ ಹಸಿದಿರಬಾರದು, ಅದು ಹಸಿದರೆ ಹೊದ್ದವರೂ ಹಸಿಯುತ್ತಾರೆ ಎಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ.

ದೀಪದ ಕುಂಚಿಗೆ ದುಂಡಗೆ. ದುಂಡನೆಯದಕ್ಕೆ ಮೂಲೆ ಎಲ್ಲಿಂದ ಬರಬೇಕು? ಅತ್ತೆ ಸೂಜಿ ಹಿಡಿದುಕೊಂಡು ಒಂದು ತಾಸು ಯೋಚಿಸಿದರು. "ಬಿಟ್ಟಬಿಡ್ರಿ ಅತ್ತಿ, ಕಾರಿಗೆ ಹಸಿವು ಎಲ್ಲೀದು," ಎಂದೆ. "ಹಸಿದ ಹೊಟ್ಟೀಲೆ ಯಾರನ್ನೂ ಹೊರಗ ಕಳಸಬಾರದು," ಎಂದು ಅಗದಿ ನಟ್ಟನಡುವೆ, ದೀಪದ ಮೂಗಿನ ಮೇಲೆ ಬರುವ ಹಾಗೆ, ರೊಟ್ಟಿ ಬೆಲ್ಲ ಇಟ್ಟು ಹೊಲಿದರು. ಎರಡಕ್ಕೂ.

ಮೊದಲು ಇರುವೆ ಬಂದವು. ಅವುಗಳಿಗೆ ಅರಿಷಿಣ ಹಾಕಿ ಓಡಿಸಿದೆ. ದಸರೆ ಮುಗಿದು ದೀಪಾವಳಿಗೆ ಎರಡು ವಾರ ಉಳಿದಿತ್ತು. ಗಾಜು ಎರಡೂ ನೆಟ್ಟಗಿದ್ದವು. ಶಲವಡಿಯಲ್ಲಿ ಅತ್ತೆಯ ಅಣ್ಣನ ಮಗಳಿಗೆ ಕುಬಸ, ಅಂದರೆ ಬಸುರಿಗೆ ಮಾಡುವ ಸೀಮಂತ. ಮೂವರೂ ಕಾರಿನಲ್ಲಿ ಹೋದೆವು. ಅತ್ತೆ ಮಾವನ ಪಕ್ಕ, ನಾನು ಹಿಂದೆ ಬುತ್ತಿಯ ಬುಟ್ಟಿ ಹಿಡಿದುಕೊಂಡು.

ಹೋಳಿಗೆಯ ಊಟವಾಯಿತು. ಮಧ್ಯಾಹ್ನದ ಬಿಸಿಲು ತುಸು ಇಳಿದ ಮೇಲೆ ಹೊರಟೆವು. ನಮ್ಮನ್ನು ಕಳಿಸಲು ಮನೆಮಂದಿಯೆಲ್ಲ ಅಂಗಳಕ್ಕೆ ಬಂದಿದ್ದರು. ಕಾರು ಬೇವಿನ ಗಿಡದ ಕೆಳಗಿತ್ತು. ಅದರ ಬಂಪರಿನ ಮೇಲೆ ಮುಂಗಾಲು ಇಟ್ಟುಕೊಂಡು ಒಂದು ಕರಿ ಆಡು ಎಡಗಡೆಯ ಕುಂಚಿಗೆಯನ್ನು ಮೆಲ್ಲುತ್ತಿತ್ತು. ರೊಟ್ಟಿ ಬೆಲ್ಲ ಎಲ್ಲಿದೆಯೆಂದು ಅದಕ್ಕೆ ಸರಿಯಾಗಿ ತಿಳಿದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಎಲ್ಲರಿಗಿಂತ ಮುಂದೆ ಹೊರಟಿದ್ದ ಮಾವ ಅದರ ಹತ್ತಿರ ಹೋದರು. ಕೈಚಾಚಿದರೆ ಕೋಡು ಸಿಗುವಷ್ಟು ಹತ್ತಿರ. ಬಾಯಲ್ಲಿದ್ದ ಎಲೆಯಡಿಕೆ ಒಂದು ಕಡೆ ಸರಿಸಿ, ಮೆತ್ತಗೆ ಹೇಳಿದರು.

"ಏ ತಮ್ಮಾ, ಬಾಜೂಕ ಸರಿ. ದೀಪ ಮುಟ್ಟಬಾರದು. ಯಾರ ಮಗಾ ನೀ?"

ಅಂಗಳವೆಲ್ಲ ನಕ್ಕಿತು. ನವಲಗುಂದದ ಬೀಗರು ಭಾರಿ ಚಾಷ್ಟಿ ಮಾಡುತ್ತಾರೆ ಎಂದುಕೊಂಡರು. ಒಬ್ಬ ಹಿರಿಯರು, "ನಮ್ಮ ಓಣಿ ಹೋತಪ್ಪನ ಮಗಾ ರೀ," ಎಂದರು. ಇನ್ನಷ್ಟು ನಗು. ಆಡು ಬ್ಯಾ ಎಂದಿತು. ಆಗ ಮಾವನೂ ಜೋರಾಗಿ ನಕ್ಕರು. ಆದರೆ ನಗುವ ಮೊದಲು ಅರೆಗಳಿಗೆ ಸುಮ್ಮನೆ ನಿಂತಿದ್ದರು. ಅದನ್ನು ನೋಡಿದವರು ಇಬ್ಬರೇ, ನಾನು ಮತ್ತು ಅತ್ತೆ. ಅತ್ತೆಯ ಮುಖ ಸೆರಗಿನಲ್ಲಿತ್ತು.

ನಾನು ಓಡಿಹೋಗಿ ಮೊದಲು ನೋಡಿದ್ದು ಏನನ್ನು ಗೊತ್ತೇ? ಗಾಜನ್ನು. ಆಡಿನ ಬಾಯಿಂದ ಲಾಡಿಯ ತುದಿ ಜೋತಾಡುತ್ತಿತ್ತು, ಗಾಜು ಒಡೆದಿರಲಿಲ್ಲ. ಗೆದ್ದೆ ಎಂದುಕೊಂಡೆ. ತಲೆಯೆತ್ತಿದರೆ ಮಾವ ಬಲಗಡೆಯ ಬಾಗಿಲಿನ ಮೇಲೆ ಕೈಯಾಡಿಸಿ ಹಿಡಿಕೆ ಹುಡುಕುತ್ತಿದ್ದರು. ಅಂಗಳದಲ್ಲಿ ಏನಿಲ್ಲವೆಂದರೂ ಹತ್ತು ಕೂಸುಗಳಿದ್ದವು. ಕಾರು, ಪಾಡ್ಯ, ಸ್ಟೇರಿಂಗ್ ಎಲ್ಲ ಹೋದರೆ ಹೋಗಲಿ ಎನ್ನಿಸಿತು. ಹತ್ತಿರ ಹೋಗಿ ಅವರಿಗಷ್ಟೇ ಕೇಳುವಂತೆ ಹೇಳಿದೆ.

"ಮಾವಾರ, ಕಾರ್ ಇಲ್ಲೇ ಇರ್ಲಿ. ಬಸ್ಸಿಗೆ ಹೋಗೂಣ್ರಿ."

ಅವರು ನನ್ನ ದನಿಯ ಕಡೆ ತಿರುಗಿದರು. ಬಾಗಿಲು ತೆರೆದರು. ಕೂಡಲಿಲ್ಲ. ತೆರೆದ ಬಾಗಿಲನ್ನು ಹಾಗೇ ಬಿಟ್ಟು, ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಕಾರಿನ ಮುಂದಿನಿಂದ ಸುತ್ತು ಹಾಕಿ, ಅಷ್ಟೂ ಬೀಗರು ನೋಡುತ್ತಿದ್ದಂತೆ ಎಡಗಡೆಗೆ ಬಂದು ಕೂತರು.

"ಬಸ್ ಯಾಕ? ನೀ ಅದೀಯಲ್ಲ. ಹತ್ತು."

"ದೀಪಾವಳಿ ಇನ್ನೂ ಬಂದಿಲ್ಲಲ್ರಿ," ಎಂದೆ. ಅಂಥ ಹೊತ್ತಿನಲ್ಲಿ ಇಂಥ ಮಾತು ನನಗೇ ಹೊಳೆಯಬೇಕು.

"ಬರತೈತಿ, ಹತ್ತು."

ಲೈಸೆನ್ಸ್ ಇರಲಿಲ್ಲ. ಅದನ್ನು ಆಮೇಲೆ ಧಾರವಾಡಕ್ಕೆ ಹೋಗಿ ಮಾಡಿಸಿದೆ. ಗೇರಿನ ಕೋಲು ಸ್ಟೇರಿಂಗಿನ ಪಕ್ಕದಲ್ಲಿರುವ ಕಾರು ಅದು. ಟ್ಯಾಕ್ಟರಿನ ರೂಢಿಯಲ್ಲಿ ನನ್ನ ಕೈ ತೊಡೆಯ ಹತ್ತಿರ ಕೋಲು ಹುಡುಕುತ್ತಿತ್ತು. ಮೂರು ಸಲ ಜಿಗಿದು ನಿಂತಿತು. ನಾಲ್ಕನೆಯ ಸಲ ಹೊರಟಿತು. ಕೂಸುಗಳು ಕೂಗುತ್ತ ಊರಬಾಗಿಲ ಅಗಸಿಯತನಕ ಕಾರಿನ ಜೊತೆಗೇ ನಡೆದುಕೊಂಡು ಬಂದವು, ಓಡುವ ಅಗತ್ಯವೇ ಬೀಳಲಿಲ್ಲ. ಎರಡನೆಯ ಗೇರಿನ ಮೇಲೆ ನಾನು ಹೋಗಲೇ ಇಲ್ಲ. ಒಂದು ಎತ್ತಿನ ಗಾಡಿ ನಮ್ಮನ್ನು ಹಿಂದೆ ಹಾಕಿತು. ಗಾಡಿಯವನು ತಿರುಗಿ ನೋಡಿ ನೋಡಿ ಹೋದ.

ಮಾವ ಕಣ್ಣು ಮುಚ್ಚಿಕೊಂಡೇ ದಾರಿ ಹೇಳುತ್ತಿದ್ದರು. ಮುಂದೆ ಹಳ್ಳದ ಸೇತುವೆ ಬರುತ್ತದೆ, ಎಡಕ್ಕೆ ಹಿಡಿ. ಈಗ ಇಳಿಜಾರು, ಬ್ರೇಕಿನ ಮೇಲೆ ಕಾಲಿರಲಿ. ಒಂದೂ ತಪ್ಪಲಿಲ್ಲ. ಹೊಲದ ನಡುವಿನ ನೆಟ್ಟನೆಯ ರಸ್ತೆಗೆ ಬಂದ ಮೇಲೆ, ನಾನು ಕೇಳದೆಯೇ ಹೇಳಿದರು.

"ಎರಡು ವರ್ಷ ಆತು, ಯವ್ವಾ. ಎಲ್ಲಾ ಗೊಬ್ಬರದ ಚೀಲದಾಗಿಂದ ನೋಡಿದಂಗ ಕಾಣತೈತಿ. ಹಳದಿ ಬೆಳಕಿನಾಗ ಛಲೋ ಕಾಣತೈತಿ ಅಂತ ಅಂಗಡ್ಯಾಂವ ಹೇಳಿದ. ಅದಕ್ಕ ಆ ದೀಪ ತಂದೆ. ಏನೂ ಆಗಲಿಲ್ಲ."

ಬೇಸಿಗೆಯಲ್ಲಿ ಮಂಜಿನ ದೀಪ ಯಾಕೆ ಬಂತೆಂದು ಆಗ ನನಗೆ ತಿಳಿಯಿತು. ಸ್ಟೇರಿಂಗ್ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

ಹಿಂದೆ ಕೂತಿದ್ದ ಅತ್ತೆ, "ಅಯ್ಯ ಶಿವನ, ಎಷ್ಟ್ ಎಮ್ಮಿ ಬಂದ್ವು ನೋಡ್ರಿ, ಬಲಕ್ಕ," ಎಂದರು. ಸ್ವಲ್ಪ ಹೊತ್ತಿಗೆ, "ಅಲ್ಲೊಬ್ಬಾಕಿ ಹುಲ್ಲಿನ ಹೊರಿ ಹೊತ್ಕೊಂಡ್ ಬರಾಕತ್ಯಾಳ, ಪಾಪ," ಎಂದರು. ಕಾರಿನಲ್ಲಿ ಅತ್ತೆ ಯಾವಾಗಲೂ ಹೀಗೆಯೇ. ಎಮ್ಮೆ ಕಂಡರೆ ಎಮ್ಮೆ, ಲಾರಿ ಕಂಡರೆ ಲಾರಿ. ಈ ವಯಸ್ಸಿನಲ್ಲೂ ಎಲ್ಲ ನೋಡಿ ಸೋಜಿಗಪಡುತ್ತಾರಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಆ ದಿನ ನಗು ಬರಲಿಲ್ಲ. ಎರಡು ವರ್ಷ ಈ ಹೆಂಗಸು ಗಂಡನ ಪಕ್ಕ ಕೂತು, ಅವರಿಗೆ ಅವಮಾನವಾಗದ ಹಾಗೆ, ರಸ್ತೆಯನ್ನೆಲ್ಲ ಹರಟೆ ಮಾಡಿ ಹೇಳಿದ್ದರು.

"ನನಗ ಕಾಣತೈತ್ರಿ, ಅತ್ತಿ," ಎಂದೆ.

ಅವರು ಮಾತು ನಿಲ್ಲಿಸಿದರು. ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯಲ್ಲಿ ನೋಡಿದರೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಅವರು ಕಾರಿನಲ್ಲಿ ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅರ್ಧ ತಾಸಿನ ದಾರಿಗೆ ಒಂದೂವರೆ ತಾಸು ಹಿಡಿಯಿತು. ದೀಪಾವಳಿ ಮುಗಿಸಿ ಹುಬ್ಬಳ್ಳಿಯಲ್ಲಿ ಮಾವನ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿ, ಸೋಡಾ ಬಾಟಲಿಯ ಬುಡದಂಥ ಚಸಮ ಹಾಕಿಕೊಂಡು ಮನೆಗೆ ಬಂದವರು ಮೊದಲು ಕಾರಿನ ಸುತ್ತ ತಿರುಗಿ, "ಇಷ್ಟು ನೆಗ್ಗೈತೇನು ಇದು?" ಎಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಇಷ್ಟ್ ಸಣ್ಣಾಕಿ ಅಂತ ಕಂಡಿದ್ರ ಸ್ಟೇರಿಂಗ್ ಕೊಡ್ತಿದ್ದಿಲ್ಲ," ಎಂದರು. ಆದರೆ ಅದನ್ನು ಹಿಂದಕ್ಕೆ ಕೇಳಲಿಲ್ಲ. ಇರುವಷ್ಟು ವರ್ಷ ಎಡಗಡೆ ಕೂತು ನನ್ನ ತಪ್ಪು ಹಿಡಿದರು.

ಇಲ್ಲಿಯವರೆಗೆ ನಗುನಗುತ್ತ ಬರೆದುಕೊಂಡು ಬಂದವಳಿಗೆ ಈಗ ಒಂದು ಮಾತು ನೆನಪಾಗಿ ಪೆನ್ನು ನಿಂತಿದೆ. ನಾನು ಈಗಲೂ ಕಾರು ನಡೆಸುತ್ತೇನೆ. ಹೋದ ವಾರ ಸೊಸೆಯನ್ನು ಕೂಡಿಸಿಕೊಂಡು ಹುಬ್ಬಳ್ಳಿಗೆ ಹೋಗಿದ್ದೆ. ದಾರಿಯಲ್ಲಿ ಅವಳು, "ಅಬ್ಬಾ, ಎಂಥಾ ದೊಡ್ಡ ಲಾರಿ ನೋಡ್ರಿ, ಅತ್ತ್ಯಾರ," ಎಂದಳು. ಆಮೇಲೆ, "ಪಾಪ, ಆ ಅಜ್ಜ ರಸ್ತಾ ದಾಟಾಕ ನಿಂತಾನ." ಮೊದಲು ಮಿತಭಾಷಿಯಾಗಿದ್ದ ಈ ಹುಡುಗಿ ಯಾವಾಗ ಇಷ್ಟು ಮಾತು ಕಲಿತಳು ಎಂದು ನಾನು ಬೇಸರಪಟ್ಟುಕೊಂಡಿದ್ದೆ.

ಕಾಗದ ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದೆ.

"ನನ್ನ ಕಣ್ಣಿಂದು ನಿನಗ ಯಾವಾಗಿಂದ ಗೊತ್ತು?"

ಅವಳು ಒಲೆ ಸಣ್ಣದು ಮಾಡಿದಳು. ತಿರುಗಲಿಲ್ಲ. "ಯುಗಾದಿಯಿಂದ್ರಿ."

ಬಿಟ್ಟ ಕಾಗದವನ್ನು ಇವತ್ತು ಮತ್ತೆ ಕೈಗೆತ್ತಿಕೊಂಡಿದ್ದೇನೆ. ನಿನ್ನೆ ಸಂಜೆ ಪೇಟೆಗೆ ಹೊರಟಾಗ ಬಲಗಡೆಯ ಬಾಗಿಲು ನಾನೇ ತೆರೆದೆ. ಕೂಡಲಿಲ್ಲ. ಮದುವೆಗೆ ಮೊದಲೇ ಕಾರು ಕಲಿತಿದ್ದ ಸೊಸೆಯ ಕೈಗೆ ಚಾವಿ ಕೊಟ್ಟು, ಬಾನೆಟ್ಟಿನ ಮುಂದಿನಿಂದ ಸುತ್ತಿ ಎಡಗಡೆಗೆ ಬಂದೆ. ನಾಲ್ಕೇ ಹೆಜ್ಜೆ. ನೋಡುವವರು ಯಾರೂ ಇರಲಿಲ್ಲ. ಮಾವ ಅಷ್ಟು ಮಂದಿಯ ಮುಂದೆ ಆ ನಾಲ್ಕು ಹೆಜ್ಜೆ ಹೇಗೆ ನಡೆದರೋ.

ಗೇಟು ದಾಟುವುದರೊಳಗೆ ಎರಡು ಸಲ ಅವಳ ತಪ್ಪು ಹಿಡಿದೆ. ಬಸ್ ಸ್ಟ್ಯಾಂಡಿನ ಗದ್ದಲ ಬಂತು. ಎದುರಿಗೆ ಏನೇನೋ ಬಂದವು, ಹೋದವು. ನಾನು ಹಿಂದಕ್ಕೆ ಒರಗಿ ಕೂತೆ. ಸೊಸೆ ಪೇಟೆ ಮುಟ್ಟುವತನಕ ಒಂದೇ ಒಂದು ಮಾತು ಆಡಲಿಲ್ಲ.